ಕೇಳಿಸಬಾರದ ನಗೆ

ಕೀಲಿಕೈ ತೂತಿನೊಳಗೆ ಹೋಗಿತ್ತು, ಇನ್ನೂ ತಿರುಗಿರಲಿಲ್ಲ. ಅಷ್ಟರಲ್ಲಿ ಒಳಗೆ ಅವಳು ನಕ್ಕಳು.

ಅವನು ಇದ್ದಲ್ಲೇ ನಿಂತ. ಕನ್ನಡಕ ಮರೆತು ಬಸ್ ಸ್ಟಾಪಿನಿಂದ ವಾಪಸು ಓಡಿ ಬಂದಿದ್ದ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಈಗ ಆ ಉಸಿರನ್ನೂ ಬಿಗಿಹಿಡಿದ. ಒಳಗೆ ನಗುತ್ತಿದ್ದವಳು ಅವನ ಹೆಂಡತಿಯೇ, ಅನುಮಾನವಿಲ್ಲ. ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಆದರೆ ಈ ನಗು ಅವನಿಗೆ ಪರಿಚಯವಿರಲಿಲ್ಲ.

ಮೊದಲು ಮೂಗಿನಿಂದ ಒಂದು ಸಣ್ಣ ಪುಸ್. ಕೂಡಲೇ ತಡೆದುಕೊಂಡಳು. ಎರಡು ಕ್ಷಣ ಸದ್ದಿಲ್ಲ. ಆಮೇಲೆ ಕುಕ್ಕರಿನ ಸೀಟಿ ಎದ್ದ ಹಾಗೆ, ತಡೆದದ್ದೆಲ್ಲ ಒಟ್ಟಿಗೆ ನುಗ್ಗಿ, ದನಿ ಕೀರಲಾಗಿ, ಉಸಿರು ಸಿಕ್ಕಿಕೊಂಡು, "ಸಾಕು ಕಣೇ, ಸಾಕೂ..." ಎಂದು ಬೇಡಿಕೊಂಡು, ಮತ್ತೆ ಮೊದಲಿನಿಂದ. ಅವಳ ಹಿಂದೆಯೇ ಹನ್ನೆರಡು ವರ್ಷದ ಮಗಳ ನಗು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರುಮಾಡುತ್ತಿದ್ದಳು.

ಬೇರೆ ಯಾವ ಗಂಡನಾದರೂ ಬಾಗಿಲು ತೆರೆದು ತಾನೂ ನಗುತ್ತಿದ್ದ. ಇಲ್ಲವೇ ಏನು ನಿಮ್ಮ ಗಲಾಟೆ ಎಂದು ಸಿಡುಕುತ್ತಿದ್ದ. ಅವನು ಜೇಬಿನಿಂದ ಒಂದು ಕಾರ್ಡು ತೆಗೆದ. ಸಿಕ್ಕಿತು! ಎರಡು ತಿಂಗಳಿಂದ ಊರೆಲ್ಲ ಹುಡುಕಿದ್ದು ಸ್ವಂತ ಮನೆಯ ಬಾಗಿಲ ಹಿಂದೆ ಇತ್ತಲ್ಲ! ಕಾರ್ಡನ್ನು ಗೋಡೆಗೆ ಒತ್ತಿ ಹಿಡಿದು 'ಬೆಳಿಗ್ಗೆ ಒಂಬತ್ತು ಹತ್ತು' ಎಂದು ಬರೆದ. ಆಮೇಲೆ ಕೀಲಿ ತಿರುಗಿಸಿದ.

ನಗು ನಿಂತಿತು. ಹೆಂಡತಿ ಸೋಫಾದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. ಮಗಳು ನೆಲದ ಮೇಲೆ ಪುಸ್ತಕ ಹರಡಿಕೊಂಡಿದ್ದಳು, ಶಾಲೆಗೆ ರಜೆ. ಇಬ್ಬರ ಕಣ್ಣೂ ಒದ್ದೆಯಾಗಿದ್ದವು.

"ಏನು ಮರೆತ್ರಿ?" ಎಂದಳು ಹೆಂಡತಿ.

"ಕನ್ನಡಕ."

"ಅಲ್ಲೇ ಫ್ರಿಜ್ ಮೇಲಿದೆ ನೋಡಿ."

"ನಗ್ತಿದ್ರಿ."

"ಯಾರು?"

"ನೀವಿಬ್ರೂ. ಯಾಕೆ?"

"ಏನೋ ಸುಮ್ನೆ. ಬಸ್ ಹೋಗತ್ತೆ, ಹೊರಡಿ."

ಮಗಳು ಪುಸ್ತಕದ ಮೇಲೆ ಇನ್ನಷ್ಟು ಬಗ್ಗಿದಳು. ಅವಳ ಭುಜ ಒಂದು ಸಲ ಕುಲುಕಿತು. ಅವನು ಕನ್ನಡಕ ಹಾಕಿಕೊಂಡು ಅದನ್ನೂ ಗಮನಿಸಿದ: ಬಾಯಲ್ಲಿ ತಡೆದ ನಗು ಭುಜಕ್ಕೆ ಇಳಿಯುತ್ತದೆ. ಇದು ಎಲ್ಲೂ ಬರೆದಿಲ್ಲದ ವಿಷಯ. ಮೆಟ್ಟಿಲನ್ನು ಎರಡೆರಡಾಗಿ ಇಳಿದ.

ಅವನು ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಯಲ್ಲಿ ಸಹಾಯಕ ಸಂಪಾದಕ. ನಿಘಂಟು ಈಗ ಎಲ್ ಅಕ್ಷರಕ್ಕೆ ಬಂದಿತ್ತು, ಅವನ ಪಾಲಿಗೆ ಬಂದ ಪದ ಲಾಫ್. ನಗು ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಲಾಫ್‌ಗೆ ದೊಡ್ಡ ಬಳಗವಿದೆ. ಬಾಯಿ ತೆರೆದು ಅಬ್ಬರಿಸುವ ಗಫಾ, ಒಳಗೊಳಗೇ ಇನ್ನೊಬ್ಬರನ್ನು ಹೀಯಾಳಿಸುವ ಸ್ನಿಗರ್, ಮೊಟ್ಟೆಯಿಟ್ಟ ಕೋಳಿಯ ದನಿಯ ಕ್ಯಾಕಲ್, ತನ್ನಷ್ಟಕ್ಕೆ ತಾನು ಗಂಟಲೊಳಗೇ ನಗುವ ಚಕಲ್, ಮತ್ತೆ ಈ ಗಿಗಲ್. ಅವುಗಳ ಸ್ವಂತ ಜಾಗದಲ್ಲಿ 'ಲಾಫ್ ನೋಡಿ' ಎಂದಷ್ಟೇ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಯಾಕೆ ಇಡಬಾರದು ಎಂದು ಲಾಫ್‌ನ ಕೆಳಗೆ ಅರ್ಧ ಪುಟದ ಟಿಪ್ಪಣಿ ಬರಬೇಕು. ಉಳಿದವುಗಳ ನಡುವೆ ಗೆರೆ ಎಳೆದಾಗಿತ್ತು. ಗಿಗಲ್ ಮಾತ್ರ ಕೈಗೆ ಸಿಗದೆ ಸತಾಯಿಸುತ್ತಿತ್ತು. ಹಳೆಯ ನಿಘಂಟಿನಲ್ಲಿ 'ಹುಡುಗಿಯರಂತೆ ಕಿಲಕಿಲ ನಗು' ಎಂದಿತ್ತು. ಅದು ಸುಳ್ಳು ಎಂದು ಅವನ ಮನಸ್ಸು ಹೇಳುತ್ತಿತ್ತು, ಸಾಕ್ಷಿಯಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗುತ್ತದೆ. ಒಮ್ಮೆ ಹೋದರೆ ಮುಗಿಯಿತು. ಮುಂದಿನ ಪರಿಷ್ಕರಣೆಯ ಹೊತ್ತಿಗೆ ಅವನ ತಲೆಯ ಮೇಲೆ ಕೂದಲಿರುವುದಿಲ್ಲ, ಬಹುಶಃ ಅವನೂ ಇರುವುದಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಆ ನಗುವನ್ನು ತಾನೇ ಮೆಲ್ಲಗೆ ಮಾಡಿ ನೋಡಿದ. ಮೂಗಿನಿಂದ ಪುಸ್. ತಡೆ. ಎರಡು ಕ್ಷಣ. ಆಮೇಲೆ... ಆಮೇಲೆ ಏನೂ ಬರಲಿಲ್ಲ. ಇನ್ನೊಮ್ಮೆ ಮಾಡಿದ. ಪಕ್ಕದಲ್ಲಿದ್ದ ಮುದುಕರು "ನೆಗಡೀನಾ?" ಎಂದು ಕೇಳಿ ಎದ್ದು ಬೇರೆ ಸೀಟಿಗೆ ಹೋದರು. ಹಾಗಾದರೆ ಒಬ್ಬನೇ ಕೂತು ಮಾಡಿದರೆ ಇದು ಬರುವುದೇ ಇಲ್ಲ! ಅವನು ತೊಡೆ ತಟ್ಟಿಕೊಂಡ. ಚಕಲ್ ಒಬ್ಬರೇ ಮಾಡಬಹುದು, ಅದು ಒಬ್ಬರೇ ಮಾಡುವಂಥದ್ದೇ. ಗಿಗಲ್‌ಗೆ ಜತೆ ಬೇಕು. ಗೆರೆ ಇರುವುದು ಅಲ್ಲಿ, ಹುಡುಗಿಯೋ ಮುದುಕಿಯೋ ಎಂಬುದರಲ್ಲಿ ಅಲ್ಲ! ಇಳಿಯಬೇಕಾದ ಸ್ಟಾಪು ದಾಟಿಹೋಗಿತ್ತು. ಬಿಸಿಲಲ್ಲಿ ಎರಡು ಸ್ಟಾಪಿನಷ್ಟು ಹಿಂದಕ್ಕೆ ನಡೆದ, ನಡೆದ ಎನ್ನುವುದಕ್ಕಿಂತ ಓಡಿದ.

ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ. ಮೂರು ಗೋಡೆಗೆ ಕಾರ್ಡಿನ ಡ್ರಾಯರುಗಳು, ನಾಲ್ಕನೆಯದಕ್ಕೆ ಕಿಟಕಿ. ಪ್ರಧಾನ ಸಂಪಾದಕರನ್ನು ಬೆನ್ನ ಹಿಂದೆ ಎಲ್ಲರೂ ಪೂರ್ಣವಿರಾಮ ಎನ್ನುತ್ತಿದ್ದರು. ಅವರು ಬಾಯಿ ಹಾಕಿದರೆ ಚರ್ಚೆ ಮುಗಿಯುತ್ತಿತ್ತು. ಅವರದ್ದೊಂದು ನಿಯಮ: ಪುಸ್ತಕದಿಂದ ಎತ್ತಿದ ಉದಾಹರಣೆ ಬೇಡ, ಕೂತು ಹೊಸೆದದ್ದೂ ಬೇಡ. ಕಿವಿಯಾರೆ ಕೇಳಿದ್ದು ಬೇಕು, ಅದೂ ಕಾರ್ಡಿನಲ್ಲಿ ಬೇಕು. ಕಾರ್ಡಿಗೆ ನಾಲ್ಕು ಕಲಂ: ಯಾರು, ಯಾರ ಜತೆ, ಯಾವಾಗ, ಯಾಕೆ. ಒಂದು ಖಾಲಿಯಿದ್ದರೂ ಕಾರ್ಡು ಬುಟ್ಟಿಗೆ.

ಹೀಗಾಗಿ ಹದಿನೇಳು ವರ್ಷದಿಂದ ಅವನ ಜೇಬಿನಲ್ಲಿ ಕರವಸ್ತ್ರವಿಲ್ಲದಿದ್ದರೂ ಕಾರ್ಡು ಇರುತ್ತಿತ್ತು. ಮದುವೆಮನೆಯಲ್ಲಿ, ಆಸ್ಪತ್ರೆಯಲ್ಲಿ, ತನ್ನದೇ ಅಡುಗೆಮನೆಯಲ್ಲಿ, ಯಾರು ಬಾಯಿ ತೆರೆದರೂ ಅವನ ಕೈ ಜೇಬಿಗೆ ಹೋಗುತ್ತಿತ್ತು. ಅವನ ತಂದೆ ಸಾಯುವ ಮುಂಚೆ ಆಡಿದ ಕೊನೆಯ ಮಾತು ಬಿ ಅಕ್ಷರದ ಡ್ರಾಯರಿನಲ್ಲಿತ್ತು, ನಾಲ್ಕೂ ಕಲಂ ಭರ್ತಿಯಾಗಿ.

"ಸಿಕ್ಕಿತು ಸಾರ್! ಗಿಗಲ್!"

ಪೂರ್ಣವಿರಾಮರು ಕಾರ್ಡನ್ನು ತೋಳುದ್ದ ದೂರ ಹಿಡಿದು ಓದಿದರು.

"ಹಳೇದೇ ಇರ್ಲಿ ಬಿಡ್ರೀ. ಹುಡುಗಿಯರಂತೆ ಕಿಲಕಿಲ."

"ಅದು ತಪ್ಪು ಸಾರ್. ನನ್ನ ಹೆಂಡ್ತಿಗೆ ನಲವತ್ತೊಂದು."

"ಅವರ ವಯಸ್ಸು ಹೀಗೆ ಸಾರ್ಕೊಂಡು ತಿರುಗ್ತೀರಿ ಅಂತ ಅವರಿಗೆ ಗೊತ್ತಾ?"

"ವಯಸ್ಸಿನ ಮಾತೇ ಅಲ್ಲ ಸಾರ್ ಇದು. ತಡೆದಷ್ಟೂ ಬರೋ ನಗು. ಒಬ್ಬರೇ ನಗೋಕಾಗಲ್ಲ. ನಾನು ಬಸ್ಸಲ್ಲಿ ಮಾಡಿ ನೋಡ್ದೆ."

"ಯಾಕೆ ನಕ್ಕರು?"

"ಅದು..."

"ನಾಲ್ಕನೇ ಕಲಂ ಖಾಲಿ ಇದೆ."

"ಕೇಳ್ದೆ ಸಾರ್. ಸುಮ್ನೆ ಅಂದ್ಲು."

"ಸುಮ್ಸುಮ್ನೆ ಯಾರಾದ್ರೂ ನಗ್ತಾರೇನ್ರೀ? ನಾಲ್ಕು ಗಂಟೆಯೊಳಗೆ ತುಂಬಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಕಿಲಕಿಲ."

ಕಾರ್ಡು ವಾಪಸು ಬಂತು. ಪಕ್ಕದ ಮೇಜಿನಲ್ಲಿ ಪ್ರೂಫ್ ನೋಡುವ ಮೇಡಂ ಕೂತಿದ್ದರು. ಐವತ್ತು ದಾಟಿದ, ಮನಸ್ಸಿನಲ್ಲಿದ್ದದ್ದನ್ನು ಬಾಯಿಗೆ ತರುವ ಹೆಂಗಸು. ಅವರು ಕತ್ತು ಚಾಚಿ ಕಾರ್ಡನ್ನು ಓದಿದರು.

"ನಿಮ್ಮ ಮನೆಯೋರು ಯಾಕೆ ನಕ್ಕರು ಅಂತ ನಿಮಗೆ ಗೊತ್ತಿಲ್ವಾ ಸಾರ್?"

"ಇಲ್ಲ."

"ತಲೆ ಕೆಡಲ್ವಾ?"

"ಕೆಟ್ಟಿದೆಯಲ್ಲ ಮೇಡಂ! ನಾಲ್ಕಕ್ಕೆ ಪುಟ ಹೋಗತ್ತೆ."

ಮೇಡಂ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಪ್ರೂಫಿಗೆ ಬಗ್ಗಿದರು.

ಅವನು ನಗುವಿನ ಡ್ರಾಯರು ಎಳೆದ. ಹದಿನೈದು ವರ್ಷದಲ್ಲಿ ಹೆಂಡತಿಯ ಕಾರ್ಡು ಹನ್ನೊಂದು ಇದ್ದವು. ಪಕ್ಕದ ಮನೆಯವರ ಜತೆ, ಮೆಟ್ಟಿಲ ಮೇಲೆ: ಹಲ್ಲು ಕಾಣುವಷ್ಟು. ಡಾಕ್ಟರ ಜತೆ: ಬಾಯಿ ಮುಚ್ಚಿ. ನಾದಿನಿಯ ಜತೆ, ಫೋನಿನಲ್ಲಿ: ಸದ್ದು ಮಾತ್ರ, ಮುಖದಲ್ಲಿ ಇಲ್ಲ. ಅವನ ಜತೆ ನಕ್ಕ ಕಾರ್ಡು ನಾಲ್ಕು. ಮೂರರಲ್ಲಿ ಯಾಕೆ ಕಲಂನಲ್ಲಿ ಅವನದೇ ದುಂಡು ಅಕ್ಷರ: 'ನಾನು ತಮಾಷೆ ಮಾಡಿದ್ದಕ್ಕೆ, ಸೌಜನ್ಯಕ್ಕಾಗಿ.' ನಾಲ್ಕನೆಯದು ಎಲ್ಲಕ್ಕಿಂತ ಹಳೆಯದು, ಅಂಚು ಹಳದಿಯಾಗಿತ್ತು: 'ಕೊಡೆ ಮಗುಚಿದ್ದಕ್ಕೆ.'

ಇವನ್ನೆಲ್ಲ ಬರೆಯುವಾಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಈಗಲೂ ಮೊದಲು ಅನ್ನಿಸಿದ್ದು, ಗಿಗಲ್ ಇವಕ್ಕಿಂತ ಎಷ್ಟು ಬೇರೆ ಎಂದು. ಆಮೇಲೆ ಸೌಜನ್ಯದ ಮೂರು ಕಾರ್ಡನ್ನೂ ಮತ್ತೊಮ್ಮೆ ಓದಿದ. ಆ ನಗು ಬೇಕು. ಕಾರ್ಡಿಗೆ ಬೇಕು. ಕಾರ್ಡು ಬಿಟ್ಟು ತನಗೂ ಬೇಕು, ತನ್ನ ಕಡೆ ತಿರುಗಿ ಒಂದು ಸಲ ಅವಳು ಹಾಗೆ ನಗಬೇಕು ಎಂದು ಅನ್ನಿಸಿ ಅವನಿಗೆ ಗಾಬರಿಯಾಯಿತು. ಡ್ರಾಯರು ಮುಚ್ಚಿ ಮನೆಗೆ ಫೋನು ಮಾಡಿದ. ಎತ್ತಿದವಳು ಮಗಳು.

"ಅಮ್ಮನ್ನ ಕರಿ."

"ಅಮ್ಮ ಸ್ನಾನಕ್ಕೆ ಹೋಗಿದಾಳೆ."

"ಬೆಳಿಗ್ಗೆ ಅಮ್ಮ ಯಾಕೆ ನಗ್ತಿದ್ಲು?"

ಆ ಕಡೆ ಮಗಳು ರಿಸೀವರಿಗೆ ಕೈ ಅಡ್ಡ ಹಿಡಿದ ಸದ್ದಾಯಿತು.

"ಅಮ್ಮ ನಗ್ತಿರ್ಲಿಲ್ಲ. ಕೆಮ್ತಿದ್ಲು."

"ಕೆಮ್ಮಾ?"

"ಹೂಂ. ಧೂಳು."

ಫೋನಿನ ಪಕ್ಕದಲ್ಲೇ ಮೂಗಿನಿಂದ ಒಂದು ಪುಸ್ ಕೇಳಿಸಿತು. ಸ್ನಾನಕ್ಕೆ ಹೋದವಳದ್ದು. "ಇಡ್ತೀನಿ ಅಪ್ಪ, ನೀವು ಕೆಲ್ಸ ಮಾಡ್ಕೊಳ್ಳಿ" ಎಂದು ಮಗಳು ಫೋನು ಇಟ್ಟಳು. ಅಮ್ಮನನ್ನು ನೀನು ಎಂದು, ಅಪ್ಪನನ್ನು ನೀವು ಎಂದು ಕರೆಯುವುದು ಅವಳ ಮೊದಲಿನಿಂದಲೂ ಇದ್ದ ರೂಢಿ.

ಅವನು ರಿಸೀವರು ಹಿಡಿದುಕೊಂಡೇ ಎದ್ದು ನಿಂತ.

"ಮುಚ್ಚಿಡ್ತಿದಾರೆ ಮೇಡಂ! ಸುಳ್ಳು ಹೇಳ್ತಿದಾರೆ!"

"ಅದಕ್ಕೆ ಇಷ್ಟು ಖುಷೀನಾ?"

"ಮುಚ್ಚಿಡೋದೇ ಇದರ ಲಕ್ಷಣ ಮೇಡಂ! ಗಫಾ ಮುಚ್ಚಿಡೋಕಾಗಲ್ಲ. ಚಕಲ್ ಮುಚ್ಚಿಡೋ ಅಗತ್ಯ ಇಲ್ಲ, ಅಲ್ಲಿ ಯಾರೂ ಇರಲ್ಲ. ಇದು ಹಾಗಲ್ಲ, ಇದು..."

ಇದು ಏನು ಎಂದು ಅವನಿಗೆ ಇನ್ನೂ ಪೂರ್ತಿ ಗೊತ್ತಿರಲಿಲ್ಲ. ಆದರೆ ಹತ್ತಿರ ಬಂದಿದ್ದ, ನಾಲಿಗೆಯ ತುದಿಯಲ್ಲಿತ್ತು. ಊಟದ ಬಿಡುವಿಗೆ ಇನ್ನೂ ಹತ್ತು ನಿಮಿಷವಿರುವಾಗಲೇ ಚಪ್ಪಲಿ ಮೆಟ್ಟಿ ಹೊರಬಿದ್ದು, ಜೀವನದಲ್ಲಿ ಮೂರನೆಯ ಸಲ ಟ್ಯಾಕ್ಸಿ ಹತ್ತಿದ.

ಈ ಸಲ ಮೆಟ್ಟಿಲನ್ನು ಕಳ್ಳನ ಹಾಗೆ ಹತ್ತಿದ. ಬಾಗಿಲಿಗೆ ಇನ್ನೆರಡು ಮೆಟ್ಟಿಲಿರುವಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಗಂಡಸಿನ ಕೆಮ್ಮು. ಗಂಟಲು ಸರಿಮಾಡಿಕೊಳ್ಳುವಂಥದ್ದು, ಎರಡು ಸಲ. ಅವನು ಗೋಡೆಗೆ ಒತ್ತಿಕೊಂಡು ನಿಂತ.

"ಏನು, ಈಗ ನಕ್ಕಿದ್ದು ಯಾರು?" ಎಂದಿತು ಆ ಗಂಡಸಿನ ದನಿ, ಮೂಗಿನಲ್ಲಿ. "ಯಾರ ಜತೆ? ಯಾವಾಗ? ಯಾಕೆ?"

ಅದು ಮಗಳು. ಮಗಳು ಅವನಾಗಿದ್ದಳು.

ಕೆಮ್ಮೂ ಅವನದೇ. ದಿನಾ ಎರಡನೇ ಮಹಡಿಯ ತಿರುವಿನಲ್ಲಿ ತಾನು ಹಾಗೆ ಎರಡು ಸಲ ಕೆಮ್ಮುತ್ತೇನೆ ಎನ್ನುವುದು ಅವನಿಗೆ ಈಗ ಹೊಳೆಯಿತು. ಒಳಗಿದ್ದವರಿಗೆ ಅದು ಶಾಲೆಯ ಗಂಟೆಯ ಹಾಗೆ ಕೇಳಿಸುತ್ತಿದ್ದಿರಬೇಕು. ಇವತ್ತು ಬೆಳಿಗ್ಗೆ ಓಡಿ ಬಂದ ಅವಸರದಲ್ಲಿ ಕೆಮ್ಮಿರಲಿಲ್ಲ, ಅಷ್ಟೇ.

"ನಾನೇ ಮಹಾಸ್ವಾಮಿ. ತಪ್ಪಾಯ್ತು" ಎಂದಳು ಹೆಂಡತಿ.

"ತಪ್ಪಾಯ್ತು ಅಂದ್ರೆ ಹೇಗೆ? ಇನ್ನೊಂದ್ಸಲ ನಗು. ಆಗ ಸರಿಯಾಗಿ ಕೇಳಿಸ್ಲಿಲ್ಲ."

ಮತ್ತೆ ಅದು ಬಂತು. ಪುಸ್, ತಡೆ, ಎರಡು ಕ್ಷಣ, ಆಮೇಲೆ ಕಟ್ಟೆಯೊಡೆದು. ಏನೋ ಪಾತ್ರೆ ಉರುಳಿತು. "ಅಯ್ಯೋ, ಸಾಕು ಕಣೇ, ಹೊಟ್ಟೆ ನೋಯ್ತಿದೆ. ಪಾಪ ಕಣೇ ಅವರು" ಎಂದಳು ಹೆಂಡತಿ. ಪಾಪ ಎಂದದ್ದಕ್ಕೆ ಇಬ್ಬರಿಗೂ ಇನ್ನಷ್ಟು ಬಂತು.

ಇನ್ನೊಂದ್ಸಲ ನಗು. ಆ ಮಾತು ಅವನದು. ಮದುವೆಯಾದ ಹೊಸತು. ಗಾಳಿಗೆ ಕೊಡೆ ಮಗುಚಿ, ಅದನ್ನು ಸರಿಮಾಡಲು ಹೋಗಿ ಅವನು ನಡುರಸ್ತೆಯಲ್ಲಿ ಗಿರಗಿರನೆ ಸುತ್ತಿದಾಗ ಅವಳು ದೀಪದ ಕಂಬ ಹಿಡಿದುಕೊಂಡು ನಕ್ಕಿದ್ದಳು. ಹೀಗೆಯೇ. ಪರಿಚಯವಿಲ್ಲ ಎಂದುಕೊಂಡಿದ್ದನಲ್ಲ, ಒಮ್ಮೆ ಕೇಳಿದ್ದ. ಅವನು ಕೊಡೆ ಬಿಟ್ಟು ಕಾರ್ಡು ತೆಗೆದಿದ್ದ. ತಮಾಷೆಗಲ್ಲ, ನಿಜವಾಗಿಯೂ ಇನ್ನೊಂದು ಸಲ ನಗಲು ಕೇಳಿದ್ದ. ಹೊಸ ಹೆಂಡತಿ, ಹೇಳಿದ್ದಕ್ಕೆ ನಕ್ಕಿದ್ದಳು. ಡ್ರಾಯರಿನಲ್ಲಿ ಹಳದಿಯಾಗಿ ಕೂತಿರುವುದು ಆ ಎರಡನೆಯ ನಗು. ಮೊದಲನೆಯದು ಎಲ್ಲಿಯೂ ಇಲ್ಲ. ಮಗಳು ಆಗ ಹುಟ್ಟಿರಲೇ ಇಲ್ಲ. ಅಂದರೆ ಇವಳು ಹೇಳಿದ್ದಾಳೆ, ಮಗಳಿಗೆ ಬಾಯಿಪಾಠವಾಗುವಷ್ಟು ಸಲ ಹೇಳಿದ್ದಾಳೆ.

ಅವನಿಗೆ ನೋವಾಯಿತು. ಆದರೆ ನೋವು ಪೂರ್ತಿ ಒಳಗಿಳಿಯುವ ಮುಂಚೆಯೇ ತಲೆಯಲ್ಲಿ ಫಕ್ಕನೆ ಹೊಳೆಯಿತು, ಹೊಳೆದದ್ದರ ಸಂಭ್ರಮಕ್ಕೆ ಉಳಿದದ್ದೆಲ್ಲ ಮರೆತುಹೋಯಿತು. ಗಿಗಲ್‌ಗೆ ಇಬ್ಬರು ಸಾಲದು. ಮೂವರು ಬೇಕು! ನಗುವವರು ಇಬ್ಬರು, ಯಾರಿಗೆ ಕೇಳಿಸಬಾರದೋ ಅವನು ಮೂರನೆಯವನು. ಅವನಿಲ್ಲದಿದ್ದರೆ ತಡೆಯಲು ಕಾರಣವಿಲ್ಲ. ತಡೆಯದಿದ್ದರೆ ಅದು ಬರೀ ನಗು, ಗಿಗಲ್ ಅಲ್ಲ. ತರಗತಿಯಲ್ಲಿ ಮೇಷ್ಟರು. ಶೋಕಸಭೆಯಲ್ಲಿ ಭಾಷಣ ಮಾಡುವವನು. ಅವನು ಎದುರಿಗಿರಬೇಕೆಂದೂ ಇಲ್ಲ, ಯಾವ ಗಳಿಗೆಯಲ್ಲಾದರೂ ಬಂದುಬಿಡಬಹುದು ಎಂದಿದ್ದರೆ ಸಾಕು! ಇಷ್ಟು ಸರಳವಾದದ್ದು ಇಷ್ಟು ದಿನ ಯಾರಿಗೂ ಕಾಣಲಿಲ್ಲವಲ್ಲ! ಅವನಿಗೆ ಕೂಗಬೇಕೆನ್ನಿಸಿತು. ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ತೊಡೆಯ ಮೇಲೆ ಕಾರ್ಡಿಟ್ಟು, ಒಂದೇ ಉಸಿರಿನಲ್ಲಿ ಬರೆದ. ನಾಲ್ಕನೆಯ ಕಲಂಗೆ ಬಂದಾಗ ಒಂದು ಕ್ಷಣ ಪೆನ್ನು ನಿಂತಿತು. 'ಮನೆಯ ಯಜಮಾನನ ಅಣಕ' ಎಂದು ಬರೆದ.

ಒಳಗೆ ನಗು ಇನ್ನೂ ನಡೆದಿತ್ತು. ಅದು ನಿಲ್ಲಬಾರದೆಂದು ಅವನು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಇಳಿದ. ಎರಡನೇ ಮಹಡಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ದಾರಿ ಬಿಟ್ಟು ಅವನನ್ನೇ ನೋಡಿದಳು. ಅವನು ತುಟಿಯ ಮೇಲೆ ಬೆರಳಿಟ್ಟು ತೋರಿಸಿ ಇಳಿದುಹೋದ.

ಮೂರೂಕಾಲಿಗೆ ಟಿಪ್ಪಣಿ ಪೂರ್ಣವಿರಾಮರ ಮೇಜಿನ ಮೇಲಿತ್ತು. 'ಗಿಗಲ್: ತಡೆದಷ್ಟೂ ಉಕ್ಕುವ, ಜತೆಗಾರರಿಲ್ಲದೆ ಬಾರದ, ಮೂರನೆಯವರಿಗೆ ಕೇಳಿಸಬಾರದೆಂದು ಅಡಗಿಸಿದ ನಗು. ವಯಸ್ಸಿಗೂ ಹೆಣ್ಣುಗಂಡಿಗೂ ಸಂಬಂಧವಿಲ್ಲ. ಹೋಲಿಸಿ: ಚಕಲ್, ಒಬ್ಬರೇ ನಗುವ ನಗು.' ಅವರು ಎರಡು ಸಲ ಓದಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಕಾರ್ಡನ್ನು ತಿರುಗಿಸಿ ನಾಲ್ಕೂ ಕಲಂ ನೋಡಿದರು.

"ಭೇಷ್ ಕಣ್ರೀ."

ಹದಿನೇಳು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಯಾರಿಗೂ ಬಂದಿರಲಿಲ್ಲ. "ಇನ್ನು ಇದನ್ನ ಯಾರೂ ಮುಟ್ಟೋಕಾಗಲ್ಲ" ಎಂದು ಸಹಿ ಹಾಕಿದರು. ಪುಟ ಅಚ್ಚಿಗೆ ಹೋಯಿತು. ಅವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೋಣೆಗೆಲ್ಲ ಕಾಫಿ ತರಿಸಿದ. ಗಫಾ ಯಾಕೆ ಗಿಗಲ್ ಅಲ್ಲ ಎಂದು ಕೇಳದವರಿಗೂ ಹೇಳಿದ.

"ಈ ಮೂರನೆಯವರು ಯಾರು ಸಾರ್?" ಎಂದರು ಪ್ರೂಫ್ ಮೇಡಂ, ಕಾಫಿ ಊದುತ್ತಾ.

"ಯಾರಾದ್ರೂ ಆಗಬಹುದು ಮೇಡಂ. ಕ್ಲಾಸಲ್ಲಿ ಮೇಷ್ಟ್ರು..."

"ಅಲ್ಲ. ಈ ಕಾರ್ಡಲ್ಲಿ."

"ಓ, ಇದರಲ್ಲಾ? ನಾನು" ಎಂದ, ಖುಷಿಯಿಂದಲೇ.

ಮೇಡಂ ಲೋಟ ಕೆಳಗಿಟ್ಟರು. "ನೀವು ಯಾರ ಜತೆ ನಗ್ತೀರಿ ಸಾರ್?"

"ನಾನಾ? ನಾನು ಚಕಲ್ ಮಾಡ್ತೀನಿ."

ಹೇಳಿದ ಮೇಲೆ ಅವನು ಅದನ್ನು ಮತ್ತೊಮ್ಮೆ ಮನಸ್ಸಿನಲ್ಲಿ ಓದಿಕೊಂಡ. ಮೇಡಂ ಪ್ರೂಫಿನ ಹಾಳೆ ಪಕ್ಕಕ್ಕೆ ಸರಿಸಿ, "ಇವತ್ತು ಬೇಗ ಮನೆಗೆ ಹೋಗಿ" ಎಂದರು.

ಬೇಗ ಹೊರಟ. ಬಸ್ಸಿನಲ್ಲಿ ಮನಸ್ಸು ಸ್ವಲ್ಪ ಹೊತ್ತು ಮಂಕಾಗಿತ್ತು. ಆಮೇಲೆ ಅದಕ್ಕೂ ಒಂದು ದಾರಿ ಹೊಳೆಯಿತು. ಮೂರನೆಯವನು ಹೊರಗೇ ನಿಲ್ಲಬೇಕೆಂದು ಯಾರು ಹೇಳಿದರು? ಗೊತ್ತು, ಕೇಳಿಸಿತು, ಬೇಜಾರಿಲ್ಲ ಎಂದುಬಿಟ್ಟರೆ ಮುಗಿಯಿತಲ್ಲ! ಮೂವರೂ ಕೂತು ನಗಬಹುದು. ಆಗ ಅದು ಗಿಗಲ್ ಆಗುವುದಿಲ್ಲ, ಗಫಾ ಆಗುತ್ತದೆ. ಆಗಲಿ, ಗಫಾ ಏನು ಕಡಿಮೆಯೇ? ಅವನಿಗೆ ಮತ್ತೆ ಉತ್ಸಾಹ ಬಂತು. ಹೆಣ್ಣು ನೋಡಲು ಹೊರಟವನ ಹಾಗೆ ಕಿಟಕಿಯ ಗಾಜಿನಲ್ಲಿ ತಲೆ ಬಾಚಿಕೊಂಡ. ಎರಡನೇ ಮಹಡಿಯ ತಿರುವಿನಲ್ಲಿ ಕೆಮ್ಮಬಾರದೆಂದು ನಿಶ್ಚಯಿಸಿದ್ದರೂ ಕೆಮ್ಮು ತಾನಾಗಿ ಬಂತು, ಎರಡು ಸಲ. ಮೇಲೆ ಕುರ್ಚಿ ಎಳೆದ ಸದ್ದಾಯಿತು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಲೋಟ ಒರೆಸುತ್ತ ನಿಂತಿದ್ದಳು. ಮಗಳು ಪುಸ್ತಕದಲ್ಲಿದ್ದಳು.

"ನನ್ನ ಥರ ಮಾಡಿ ತೋರಿಸು ನೋಡೋಣ" ಎಂದ ಮಗಳಿಗೆ, ಚಪ್ಪಲಿ ಕೂಡ ಬಿಡದೆ.

ಮಗಳು ಅಮ್ಮನ ಮುಖ ನೋಡಿದಳು. "ಏನಪ್ಪ?"

"ಅದೇ, ಕೆಮ್ಮು. ಯಾರು, ಯಾರ ಜತೆ. ನನಗೆ ಗೊತ್ತು. ಬೇಜಾರಿಲ್ಲ. ಎಷ್ಟು ಚೆನ್ನಾಗಿ ಮಾಡ್ತೀಯ!"

"ಯಾರು ಹೇಳಿದ್ರು?" ಎಂದಳು ಹೆಂಡತಿ.

"ಕೇಳಿಸ್ತು."

"ಯಾವಾಗ?"

"ಮಧ್ಯಾಹ್ನ. ಬಂದಿದ್ದೆ."

"ಬಂದು?"

"ಹೋದೆ."

ಅವಳು ಲೋಟ ಒರೆಸುವುದನ್ನು ನಿಲ್ಲಿಸಿದಳು. "ಹೊರಗೆ ನಿಂತಿದ್ರಾ?"

"ಐದೇ ನಿಮಿಷ."

"ಬರ್ಕೊಂಡ್ರಾ?"

"ಕಾರ್ಡಲ್ಲಿ ನಿನ್ನ ಹೆಸರಿಲ್ಲ. ಹೆಂಡತಿ ಅಂತ ಅಷ್ಟೇ." ಅವನು ಮಗಳ ಕಡೆ ತಿರುಗಿದ. "ಮಾಡಮ್ಮ. ನಿಜವಾಗ್ಲೂ ಬೇಜಾರಿಲ್ಲ."

ಮಗಳು ಎದ್ದು ನಿಂತಳು. ಕೈ ಹಿಂದೆ ಕಟ್ಟಿಕೊಂಡು ಎರಡು ಸಲ ಕೆಮ್ಮಿದಳು. "ಏನು, ಈಗ ನಕ್ಕಿದ್ದು ಯಾರು. ಯಾರ ಜತೆ. ಯಾವಾಗ. ಯಾಕೆ." ಇನ್ಸ್ಪೆಕ್ಟರ ಮುಂದೆ ಪಾಠ ಒಪ್ಪಿಸುವ ದನಿ. ಹೆಂಡತಿ ಅವನನ್ನು ನೋಡಿ ನಕ್ಕಳು. ಆ ನಗು ಅವನಿಗೆ ಗೊತ್ತಿತ್ತು. ಅದರ ಮೂರು ಕಾರ್ಡು ಇದ್ದವು.

ಅವನು ನಕ್ಕ. ಬಾಯಿ ತೆರೆದು, ತೊಡೆ ತಟ್ಟಿ, ಹಹ್ಹಹ್ಹಾ ಎಂದು. ನಗುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದ. ಸೇರಿಕೊಳ್ಳುತ್ತಾರೆಂದು ಇನ್ನೂ ಸ್ವಲ್ಪ ಹೊತ್ತು ನಕ್ಕ. ಕೋಣೆಯಲ್ಲಿ ಅದೊಂದೇ ಸದ್ದು. ಅವನ ಕಿವಿಗೇ ಅದು ಯಾರದೋ ನಗುವಿನ ಹಾಗೆ ಕೇಳಿಸತೊಡಗಿದಾಗ ನಿಲ್ಲಿಸಿದ.

ಮಗಳ ಕಣ್ಣು ತುಂಬಿತ್ತು. "ಸಾರಿ ಅಪ್ಪ. ಇನ್ನು ಮಾಡಲ್ಲ."

"ಏ, ಮಾಡು! ಮಾಡ್ಬೇಕು ಕಣೇ! ತಮಾಷೆ ಅಲ್ವಾ?"

"ಕಾಫಿ ತರ್ತೀನಿ, ಕೂತ್ಕೊಳ್ಳಿ" ಎಂದಳು ಹೆಂಡತಿ.

ಅವನು ಕೂರಲಿಲ್ಲ. ಇಬ್ಬರೂ ಅವನನ್ನೇ ನೋಡುತ್ತಿದ್ದರು, ಮನೆಗೆ ಬಂದ ನೆಂಟನಿಗೆ ಏನಾದರೂ ಬೇಕೇ ಎಂದು ಕಾಯುವವರ ಹಾಗೆ.

"ಏನೋ ಮರೆತೆ. ಬಂದೆ ಇರು" ಎಂದ.

"ಏನು?"

"ಕನ್ನಡಕ."

ಕನ್ನಡಕ ಅವನ ಮೂಗಿನ ಮೇಲೇ ಇತ್ತು. ಯಾರೂ ಹೇಳಲಿಲ್ಲ. ಅವನು ಹೊರಗೆ ಬಂದು ಬಾಗಿಲೆಳೆದುಕೊಂಡ. ಕೀಲಿಕೈಯನ್ನು ತೂತಿನೊಳಗೆ ತೂರಿಸಿ, ತಿರುಗಿಸದೆ, ಕಿವಿಯನ್ನು ಮರಕ್ಕೆ ಹಚ್ಚಿದ.

ಒಳಗೆ ಸದ್ದಿಲ್ಲ. ಅವರು ಕಾಯುತ್ತಿದ್ದಾರೆ, ಹೌದಲ್ಲ, ತಾನು ಇಳಿದು ಹೋಗುವ ಹೆಜ್ಜೆಯ ಸದ್ದಿಗೆ ಕಾಯುತ್ತಿದ್ದಾರೆ! ಹೋದ ಎಂದು ಖಾತ್ರಿಯಾದ ಮೇಲೇ ಅದು ಬರುವುದು. ಬಾಗಿಲಿನಿಂದ ಅಲುಗದೆ ಒಂದು ಕಾಲೆತ್ತಿ ಇಟ್ಟ. ಟಪ್. ಇನ್ನೊಂದು. ಟಪ್. ಮೆಟ್ಟಿಲಿಳಿಯುವವನ ಲಯದಲ್ಲಿ, ಮೊದಲು ಜೋರಾಗಿ, ಬರಬರುತ್ತ ಮೆಲ್ಲಗೆ. ಎರಡನೇ ಮಹಡಿಯ ತಿರುವು ಬರುವಷ್ಟು ಹೊತ್ತಾದಾಗ ಮುಖವನ್ನು ಆ ಕಡೆ ತಿರುಗಿಸಿ, ಅಂಗೈ ಅಡ್ಡ ಹಿಡಿದು, ದೂರದಿಂದ ಬಂದ ಹಾಗೆ ಎರಡು ಸಲ ಕೆಮ್ಮಿದ. ಮತ್ತೆ ಕಿವಿ ಹಚ್ಚಿದ. ಈಗ ಬರುತ್ತದೆ, ಈಗ.

ಒಳಗೆ ಯಾರೂ ನಗಲಿಲ್ಲ. ಅವನು ನಿಂತಲ್ಲೇ ಇನ್ನೊಂದು ಮಹಡಿ ಇಳಿದ.